ಹನ್ನೆರಡನೆಯ ಖಾತೆ

ಪ್ರೀತಿಯ ಭಾವ,

ಕಚೇರಿಯಲ್ಲಿ ನೀವು ಮ್ಯಾನೇಜರ್. ಆದರೂ ಇದನ್ನು ಅಕ್ಕನ ಗಂಡನಿಗೇ ಬರೆಯುತ್ತಿದ್ದೇನೆ.

ಗೋದಾಮಿಗೆ ಕಿಟಕಿ ಬೇಕೆಂದು ಅರ್ಜಿ ಕೊಟ್ಟ ಹನ್ನೊಂದು ಮಂದಿ ಗುಮಾಸ್ತರ ಖಾತೆಗಳನ್ನು ಸರ್ವರ್‌ನಿಂದ ಅಳಿಸಲು, ಅದನ್ನು ನೋಡಿಕೊಳ್ಳುವ ನನಗೆ ಹೇಳಿದಿರಿ. "ಬೆಳಿಗ್ಗೆ ಪಾಸ್‌ವರ್ಡ್ ಒಪ್ಪದೇ ಇದ್ರೆ ಕೆಲಸ ಹೋಯ್ತು ಅಂತ ಅವರಿಗೇ ಅರ್ಥ ಆಗುತ್ತೆ. ಕಾಲೇಜಲ್ಲಿ ನೀನು ಹಂಚ್ತಿದ್ದ ಕಾರ್ಮಿಕರ ಹಕ್ಕಿನ ಕರಪತ್ರದ ಪುರಾಣ ಮಾತ್ರ ಬೇಡ ತಾಯಿ" ಎಂದು ನಕ್ಕಿರಿ.

ಅಳಿಸುವ ಆದೇಶ ಟೈಪ್ ಮಾಡಿದೆ. ಸರ್ವರ್ ಸುಮ್ಮನೆ ಅಳಿಸುವುದಿಲ್ಲ ಭಾವ. ಒಬ್ಬೊಬ್ಬರ ಹೆಸರು ಹಿಡಿದು, ಇವರನ್ನು ಖಂಡಿತ ಅಳಿಸಬೇಕೇ ಎಂದು ಕೇಳುತ್ತದೆ. ಹೌದು ಎಂದರಷ್ಟೇ ಮುಂದುವರಿಯುತ್ತದೆ. ಯಂತ್ರವೇ ಇಷ್ಟು ಕೇಳುವಾಗ, ಆ ಹನ್ನೊಂದು ಜನರನ್ನು ಕರೆದು ನೀವು ಒಂದು ಮಾತು ಕೇಳಿದಿರಾ?

ಹನ್ನೊಂದು ಸಲವೂ ಇಲ್ಲ ಎಂದು ಉತ್ತರಿಸಿದೆ. ಹನ್ನೆರಡನೆಯದಾಗಿ ನನ್ನದೇ ಹೆಸರು ಕೊಟ್ಟು ಹೌದು ಎಂದೆ.

ಸರ್ವರ್‌ನ ಮುಖ್ಯ ಪಾಸ್‌ವರ್ಡ್ ಈ ಲಕೋಟೆಯಲ್ಲೇ ಇದೆ. ಅಳಿಸಲೇಬೇಕೆಂದರೆ ನೀವೇ ಅಳಿಸಿ, ಆದರೆ ಪ್ರತಿ ಹೆಸರನ್ನೂ ಪೂರ್ತಿ ಓದಿ.

ಕೆಲಸ ಬಿಟ್ಟಿದ್ದನ್ನು ಅಕ್ಕನಿಗೆ ನಾನೇ ಹೇಳುತ್ತೇನೆ. ಭಾನುವಾರ ಎಂದಿನಂತೆ ಊಟಕ್ಕೆ ಬರಲೇ? ನೀವು ಹೌದು ಎಂದರೆ ಮಾತ್ರ ಬರುತ್ತೇನೆ.

ನಿಮ್ಮ ನಾದಿನಿ