ಕುಲಾವಿಯ ಬಾಲ

ಅಕ್ಕಾ,

ಇವತ್ತು ಬ್ರಸೆಲ್ಸ್‌ನಲ್ಲಿ ನಮ್ಮ ಎಸ್ಟೋನಿಯಾದ ಹೆಣಿಗೆ ಸಂಘದ ಪರವಾಗಿ ಹೆಲ್ವೆ ದೊಡ್ಡಮ್ಮ ವಾದಿಸಿದ್ದನ್ನು ನೀನು ನೋಡಬೇಕಿತ್ತು! ನಮ್ಮ ಅರ್ಜಿಯ ಹಾಗೇ ಯುರೋಪಿಗೆಲ್ಲ ಒಂದೇ ನಿಯಮ ಕೇಳಲು ಬಂದ ದೊಡ್ಡ ಕಂಪನಿಗಳವರು ದಪ್ಪ ವರದಿ ತಂದಿದ್ದರು. ಇವಳು ಕೂಸಿನ ಕುಲಾವಿಯೊಂದನ್ನು ಮೇಜಿನ ಮೇಲಿಟ್ಟಳು. ಅದನ್ನು ಮಾರಲು ಒಂದೊಂದು ದೇಶ ಕೇಳುವ ವಿವರದ ಚೀಟಿಯನ್ನೂ ಅದಕ್ಕೆ ಹೊಲಿದಿದ್ದಳು. ಆ ಚೀಟಿಗಳ ಬಾಲ ನೆಲ ಮುಟ್ಟುತ್ತಿತ್ತು.

"ನಿಮ್ಮ ಮೊಮ್ಮಗೂಗೆ ಇಟ್ಕೊಳ್ಳಿ," ಎಂದು ಅರ್ಜಿ ಕೇಳಲು ಕೂತಿದ್ದ ಅಧಿಕಾರಿಗೆ ಹೇಳಿದಳು.

ಅಧಿಕಾರಿ ನಕ್ಕರು. "ಉಡುಗೊರೆ ತಗೊಂಡ್ರೆ ಮೂರು ಪುಟ ಫಾರಂ ತುಂಬ್ಬೇಕಮ್ಮ."

"ಮೂರೇನಾ? ನಾವು ಇಪ್ಪತ್ತೇಳು ದೇಶದ್ದು ತುಂಬ್ತೀವಿ. ನಿಧಾನಕ್ಕೆ ಬರೀರಿ ಸ್ವಾಮಿ," ಎಂದು ದೊಡ್ಡಮ್ಮ ಚೀಲದಿಂದ ಕಡ್ಡಿ, ಉಣ್ಣೆ ತೆಗೆದು ಹೆಣೆಯುತ್ತ ಕೂತಳು.

ಹಾಂ, ನೀನು ಕೇಳಿದ್ದೆಯಲ್ಲ, ನನ್ನ ಕೆಮ್ಮು ಇಳಿದಿದೆ. ಅಧಿಕಾರಿ ಮೂರನೇ ಪುಟಕ್ಕೆ ಸಹಿ ಹಾಕಿ ತಲೆಯೆತ್ತಿದಾಗ ಇವಳ ಕೈಯಲ್ಲಿ ಇನ್ನೊಂದು ಕುಲಾವಿ ಅರ್ಧ ಆಗಿತ್ತು. ಈ ಸಲ ಅವರು ನಗಲಿಲ್ಲ, ನಮ್ಮ ಅರ್ಜಿಯನ್ನು ಎಳೆದುಕೊಂಡು ಓದತೊಡಗಿದರು.

ನಿನ್ನ ರೀಟ್