ನನ್ನ ಸೊಸೆಯನ್ನು ಈಗಲೇ ಮನೆಗೆ ಕಳುಹಿಸಬೇಡಿ

ಮಹಿಳಾ ವ್ಯಸನಮುಕ್ತಿ ನಿವಾಸಗಳ ಮಾನ್ಯ ಮೇಲ್ವಿಚಾರಣಾಧಿಕಾರಿಗಳೇ,

ತಮ್ಮ ನಿವಾಸದಲ್ಲಿರುವ ನನ್ನ ಸೊಸೆಯನ್ನು ಅವಧಿಗೆ ಮುಂಚೆಯೇ ಮನೆಗೆ ಕಳುಹಿಸಿಕೊಡಬೇಕೆಂದು ನನ್ನ ಮಗ ತಮಗೆ ಅರ್ಜಿ ಸಲ್ಲಿಸಿದ್ದಾನೆ. ಶುಕ್ರವಾರ ಅದು ತಮ್ಮ ಮೇಜಿಗೆ ಬರುತ್ತದಂತೆ. ಅದನ್ನು ದಯವಿಟ್ಟು ತಿರಸ್ಕರಿಸಿ. ಹೆತ್ತ ತಾಯಿಯೇ ಮಗನಿಗೆ ಅಡ್ಡಗಾಲು ಹಾಕುತ್ತಿದ್ದಾಳಲ್ಲ ಎಂದು ತಾವು ಹುಬ್ಬೇರಿಸಬಹುದು. ಧಾರಾಳವಾಗಿ ಏರಿಸಿ. ಆದರೆ ಅರ್ಜಿಯಲ್ಲಿ ಕೊಟ್ಟ ಕಾರಣವನ್ನೂ ಒಮ್ಮೆ ನೋಡಿ: ‘ಮನೆಯಲ್ಲಿ ವೃದ್ಧ ತಾಯಿಯನ್ನು ನೋಡಿಕೊಳ್ಳಲು ಯಾರೂ ಇಲ್ಲ.’ ಆ ವೃದ್ಧ ತಾಯಿ ನಾನೇ. ನನ್ನನ್ನು ಯಾರೂ ನೋಡಿಕೊಳ್ಳಬೇಕಾಗಿಲ್ಲ. ಇದನ್ನೇ ತಿಳಿಸಿ ತಮ್ಮ ಕಚೇರಿಗೆ ನೇರವಾಗಿ ಬರೆದ ಪತ್ರ ಇನ್ನೂ ‘ಪರಿಶೀಲನೆಯಲ್ಲಿದೆ’. ಆದ್ದರಿಂದ ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಪತ್ರಿಕೆಯನ್ನಾದರೂ ತಾವು ಕಾಫಿಯ ಜೊತೆ ಪರಿಶೀಲಿಸುತ್ತೀರೆಂಬ ನಂಬಿಕೆ.

ನನ್ನ ಸೊಸೆ ಹಲ್ಲಿನ ಡಾಕ್ಟರರ ಬಳಿ ಸಹಾಯಕಿ. ಬಾಯಿ ಮುಕ್ಕಳಿಸುವ ಔಷಧದ ವಾಸನೆ ಹೊತ್ತು ಮನೆಗೆ ಬರುವುದು ಅವಳ ವೃತ್ತಿಗೆ ಸಹಜವಾದದ್ದು. ಅದರ ಅಡಿಯಲ್ಲಿ ಇನ್ನೊಂದು ವಾಸನೆ ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬಾಟಲಿಯನ್ನು ಅವಳು ಬಟ್ಟೆ ಒಗೆಯುವ ಪುಡಿಯ ಡಬ್ಬದಲ್ಲಿ ಹುಗಿದಿಡುತ್ತಿದ್ದಳು. ಬ್ಯಾಂಕಿನ ತಿಜೋರಿಗೂ ಅಷ್ಟು ಭದ್ರತೆ ಇರಲಾರದು, ಏಕೆಂದರೆ ನನ್ನ ಮಗ ಮದುವೆಯಾದಾಗಿನಿಂದ ಆ ಡಬ್ಬದ ಮುಚ್ಚಳ ಮುಟ್ಟಿದವನಲ್ಲ. ಅವನದು ಕನ್ನಡಕದ ಅಂಗಡಿ. ಊರವರಿಗೆಲ್ಲ ಕಣ್ಣು ಕಾಣಿಸುವ ಹಾಗೆ ಮಾಡುವ ಕಸುಬು. ನಾನು ಕೆಲಸದಿಂದ ನಿವೃತ್ತಳಾಗಿ ಅವರ ಜೊತೆ ಇರಲು ಬಂದ ವಾರವೇ, ಬಟ್ಟೆ ಒಗೆಯಲು ಹೋದವಳು ಬಾಟಲಿ ಹಿಡಿದು ಈಚೆ ಬಂದೆ.

“ಏನೇ ಇದು?” ಅಂದೆ.

“ನೀವು ಅಂದ್ಕೊಂಡಿದ್ದೇ, ಅತ್ತೆ,” ಅಂದಳು.

ಸುಳ್ಳು ಹೇಳಲಿಲ್ಲ, ಅಳಲಿಲ್ಲ. ಡಾಕ್ಟರರ ಮೇಲೆ, ಗಂಡನ ಮೇಲೆ, ಗ್ರಹಗತಿಯ ಮೇಲೆ ತಪ್ಪು ಹೊರಿಸಲಿಲ್ಲ. ನನಗೆ ಅವಳ ಮೇಲೆ ಅಕ್ಕರೆ ಹುಟ್ಟಿದ್ದು ಆವತ್ತೇ. ಮರುದಿನ ನಾವಿಬ್ಬರೂ ಆಟೋ ಹತ್ತಿ ತಮ್ಮ ನಿವಾಸದ ಗೇಟಿನ ಮುಂದೆ ಇಳಿದೆವು.

ಇಲ್ಲಿಂದ ಮುಂದಿನದು ತಮ್ಮ ಇಲಾಖೆಯ ಸಾಧನೆ. ಹೆಂಗಸರ ವಿಷಯದಲ್ಲಿ ಮಾತ್ರ ‘ಕುಟುಂಬದ ಅಗತ್ಯ’ ಎಂಬ ಒಂದು ನಿಯಮ ಮಾಡಿದ್ದೀರಿ. ಮನೆಯವರು ಬೇಕು ಎಂದರೆ ಸಾಕು, ಅವಳನ್ನು ಅರ್ಧಕ್ಕೇ ಕಳುಹಿಸುತ್ತೀರಿ. ಅಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತೋ ಏನೋ. ಕಳುಹಿಸಿದವಳ ಹೆಸರಿನ ಮುಂದೆ ‘ಗುಣಮುಖ’ ಎಂದು ಬರೆಯುತ್ತೀರಿ! ನನ್ನ ಮಗ ಮೊದಲ ಸಲ ಮನೆಗೆ ನೆಂಟರು ಬರುತ್ತಾರೆಂದು ಅವಳನ್ನು ಕರೆತಂದ, ಎರಡನೇ ಸಲ ತನಗೆ ಬೆನ್ನು ಹಿಡಿದುಕೊಂಡಿದೆಯೆಂದು. ಹೀಗೆ ತಮ್ಮ ಲೆಕ್ಕದಲ್ಲಿ ನನ್ನ ಸೊಸೆ ಒಬ್ಬಳೇ ಈಗಾಗಲೇ ಇಬ್ಬರು ಗುಣಮುಖರಾದ ಮಹಿಳೆಯರು. ತಮ್ಮ ವಾರ್ಷಿಕ ವರದಿಯಲ್ಲಿ ‘ಮಹಿಳೆಯರು ಪುರುಷರಿಗಿಂತ ಬಹುಬೇಗ ಚೇತರಿಸಿಕೊಳ್ಳುತ್ತಾರೆ’ ಎಂದು ಹೆಮ್ಮೆಯಿಂದ ಅಚ್ಚು ಹಾಕಿಸಿದ್ದೀರಿ. ಓದಿ ನನಗೆ ನಗು ತಡೆಯಲಾಗಲಿಲ್ಲ. ಸ್ವಾಮಿ, ಅವರು ಬೇಗ ಚೇತರಿಸಿಕೊಂಡದ್ದಲ್ಲ, ಮನೆಯಲ್ಲಿ ತೊಳೆಯದ ಪಾತ್ರೆ ಬೇಗ ತುಂಬಿಕೊಂಡದ್ದು.

ನಾನು ಬದುಕಿನ ಬಹುಭಾಗ ಬಸ್ಸಿನಲ್ಲಿ ಟಿಕೆಟ್ ಹರಿದವಳು. ಅರ್ಧ ದಾರಿಯಲ್ಲಿ ರಟ್ಟೆ ಹಿಡಿದು ಇಳಿಸಿದವರನ್ನು ಊರು ಸೇರಿದವರ ಲೆಕ್ಕಕ್ಕೆ ಬರೆದಿದ್ದರೆ ನನ್ನನ್ನು ಆವತ್ತೇ ಮನೆಗೆ ಕಳುಹಿಸುತ್ತಿದ್ದರು. ತಮಗೆ ಬಡ್ತಿ ಸಿಕ್ಕಿತೆಂದು ಕೇಳಿದೆ. ಅಭಿನಂದನೆಗಳು.

ಪಕ್ಕದಲ್ಲೇ ಪುರುಷರ ನಿವಾಸವಿದೆಯಲ್ಲ, ಅದನ್ನೂ ಬೇಲಿಯ ಈಚೆಯಿಂದ ನೋಡಿದ್ದೇನೆ. ಅಲ್ಲಿ ಕೇರಂ ಬೋರ್ಡಿದೆ. ಇಲ್ಲಿ ಹೊಲಿಗೆ ಯಂತ್ರವಿದೆ, ಅದರ ಪಕ್ಕದಲ್ಲಿ ಎರಡೂ ನಿವಾಸಗಳ ಹರಿದ ಹೊದಿಕೆಗಳ ರಾಶಿಯಿದೆ. ಇದಕ್ಕೆ ‘ಕೌಶಲ್ಯ ತರಬೇತಿ’ ಎಂಬ ಹೆಸರಿಟ್ಟಿದ್ದೀರಿ. ಅಲ್ಲಿಂದ ಯಾವ ಗಂಡಸನ್ನಾದರೂ ‘ಬಟ್ಟೆ ಮಡಚಲು ಜನ ಇಲ್ಲ’ ಎಂದು ಮನೆಯವರು ಬಿಡಿಸಿಕೊಂಡು ಹೋದದ್ದುಂಟೇ? ಉಂಟಾದರೆ ತಿಳಿಸಿ, ಆ ಪುಣ್ಯಾತ್ಮನ ದರ್ಶನ ಮಾಡಬೇಕು.

ಎರಡನೇ ಸಲ ಗುಣಮುಖಳಾಗಿ ಬಂದ ನನ್ನ ಸೊಸೆ, ಒಲೆ ಉರಿಯುತ್ತಿದ್ದ ಹಾಗೆಯೇ ಬಚ್ಚಲುಮನೆಯಲ್ಲಿ ಚಿಲಕ ಹಾಕಿಕೊಂಡು ಕುಸಿದು ಬಿದ್ದಿದ್ದಳು. ಮಗ ಅಂಗಡಿಯಲ್ಲಿದ್ದ. ಅವನ ಅರ್ಜಿಯಲ್ಲಿರುವ ವೃದ್ಧ ತಾಯಿಯೇ ಭುಜ ಕೊಟ್ಟು ಬಾಗಿಲು ಮುರಿದಳು. ಹಣೆ ಒಡೆದು ರಕ್ತ ಸೋರುತ್ತಿತ್ತು, ಉಸಿರಿದೆಯೋ ಇಲ್ಲವೋ ತಿಳಿಯಲಿಲ್ಲ. ಇಷ್ಟು ಹೊತ್ತು ತಮಾಷೆಯಾಗಿ ಬರೆದೆ, ಇದನ್ನು ಮಾತ್ರ ಹಾಗೆ ಬರೆಯಲಾರೆ. ಅಷ್ಟು ಹೆದರಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಜೀವ ಉಳಿಯಿತು, ಆಸ್ಪತ್ರೆಯಿಂದ ನೇರವಾಗಿ ಅವಳನ್ನು ಮೂರನೇ ಸಲ ತಮ್ಮ ನಿವಾಸಕ್ಕೆ ಸೇರಿಸಿದೆ.

ಕಳೆದ ಭಾನುವಾರ ಅವಳನ್ನು ನೋಡಲು ಹೋಗಿದ್ದೆವು. ಭೇಟಿಯ ಕೋಣೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಗೆ ‘ಮನಸ್ಸು ಬಿಚ್ಚಿ ಮಾತಾಡಿ’ ಎಂಬ ಫಲಕ. ನನ್ನ ಮಗ ಕೂತವನೇ ಮನಸ್ಸು ಬಿಚ್ಚಿದ.

“ವಾಷಿಂಗ್ ಮಷೀನ್ ಬಾಗಿಲೇ ತೆಗೆಯಕ್ಕೆ ಬರ್ತಿಲ್ಲ ಕಣೇ. ನನ್ನ ಪ್ಯಾಂಟೆಲ್ಲ ಒಳಗೇ ಇದೆ.”

“ನೀರು ಹೊರಗೆ ಹೋಗಿರಲ್ಲ. ಕೆಳಗೆ ಸಣ್ಣ ಮುಚ್ಚಳ ಇದೆ ನೋಡಿ, ಅದನ್ನ ತೆಗೆದು ಕಸ ಕ್ಲೀನ್ ಮಾಡಿ.”

“ನೀನೇ ಬಂದು ಒಂದ್ಸಲ ತೋರಿಸಿಬಿಡು.”

“ತೋರಿಸಕ್ಕೆ ಬಂದ್ರೆ ವಾಪಸ್ ಕಳಿಸ್ತೀರಾ?”

ಮಗ ಫಲಕ ಓದತೊಡಗಿದ. ಪಕ್ಕದಲ್ಲಿ ಕೂತಿದ್ದ ತಮ್ಮ ಆಪ್ತಸಲಹೆಗಾರ್ತಿ ‘ದಂಪತಿಗಳ ನಡುವೆ ಉತ್ತಮ ಸಂವಹನ’ ಎಂದು ಬರೆದುಕೊಂಡಳು. ನಾನು ಕಣ್ಣಾರೆ ಕಂಡೆ.

ಅವನು ಫೋನ್ ಬಂತೆಂದು ಆಚೆ ಹೋದಾಗ ಸೊಸೆ ನನ್ನ ಕೈ ಹಿಡಿದುಕೊಂಡಳು. “ಅತ್ತೆ, ಈಗ ಮನೆಗೆ ಬಂದ್ರೆ ನಾನು ಕುಡಿದೇ ಕುಡೀತೀನಿ. ನಂಗೆ ಗೊತ್ತು. ಇಲ್ಲೇ ಬಿಡಿ ನನ್ನ.”

“ಅವನಿಗೆ ಹೇಳೋದು ತಾನೇ?”

“ಹೇಳ್ದೆ. ‘ನಾನಿದೀನಲ್ಲ’ ಅಂದ್ರು.”

ಇಬ್ಬರೂ ನಕ್ಕೆವು. ಅವಳು ನಗುತ್ತಲೇ ಅತ್ತಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮಗನ ಅರ್ಜಿಯನ್ನು ಬದಿಗಿಡಿ. ‘ಕುಟುಂಬದ ಅಗತ್ಯ’ವನ್ನು ರದ್ದು ಮಾಡಿ. ಮನೆಗೆ ಹೋಗುತ್ತೇನೆ ಎನ್ನುವ ಮಾತು ಒಳಗಿರುವವಳ ಬಾಯಿಂದಲೇ ಬರಲಿ, ಹೊರಗೆ ಹಸಿದು ಕೂತವರ ಬಾಯಿಂದ ಬೇಡ. ನನ್ನ ಮಗ ಕೆಟ್ಟವನಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ, ದನಿ ಎತ್ತುವುದು ಮಾತ್ರ ಉಂಟು, ಅದೂ ‘ನನ್ನ ಸಾಕ್ಸ್ ಎಲ್ಲಿ?’ ಎಂದು, ಕುರ್ಚಿಯಿಂದ ಏಳದೆ. ಅದೂ ಒಂದು ಚಟವೇ. ಪುರುಷರ ನಿವಾಸದಲ್ಲಿ ಒಂದು ಹಾಸಿಗೆ ಖಾಲಿಯಿದ್ದರೆ ದಯಪಾಲಿಸಿ, ಪೂರ್ಣಾವಧಿಗೆ ಸೇರಿಸುತ್ತೇನೆ. ಅವನನ್ನು ಮುಂಚಿತವಾಗಿ ಬಿಡಿಸಿಕೊಳ್ಳಲು ನಾನಂತೂ ಬರುವುದಿಲ್ಲ.

ಶುಕ್ರವಾರ ಕಚೇರಿಯ ಬಾಗಿಲು ತೆರೆಯುವ ಹೊತ್ತಿಗೆ ನಾನು ಅಲ್ಲಿರುತ್ತೇನೆ. ಮಗ ಒಂದು ಬೆಂಚಿನಲ್ಲಿ, ನಾನು ಇನ್ನೊಂದರಲ್ಲಿ. ತಾವು ಯಾರ ಮಾತು ಕೇಳುತ್ತೀರೋ ನೋಡೋಣ. ನನಗೆ ನನ್ನ ಸೊಸೆ ಬೇಕು. ತಡವಾದರೂ ಚಿಂತೆಯಿಲ್ಲ, ಜೀವಂತ ಬೇಕು.

ಇಂತಿ,
ಮಗನನ್ನು ಬಿಟ್ಟು ಸೊಸೆಯ ಪಕ್ಷ ವಹಿಸಿ, ಸಮಸ್ತ ಅತ್ತೆಯಂದಿರ ಮಾನ ಕಳೆದ
ಒಬ್ಬ ಅತ್ತೆ