ಧೂಳು ಕೇಳಲು ಬಂದವರು

ಶಿಪ್‌ಶೆವಾನಾ ಹತ್ತಿರ, ಇಂಡಿಯಾನಾ
ಅಕ್ಟೋಬರ್ ೧೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಟೋಬಿಯಾಸ್,

ನಿನ್ನ ಬೆನ್ನುನೋವು ಹೇಗಿದೆ? ಕೆಂಟಕಿಯಲ್ಲಿ ಸುಂಟರಗಾಳಿ ಕೆಡವಿದ ಮನೆಗಳಲ್ಲಿ ಇನ್ನೆಷ್ಟು ಕಟ್ಟುವುದು ಬಾಕಿ ಇದೆ? ಗಂಡಸರೆಲ್ಲ ಒಂದೇ ಕೋಣೆಯಲ್ಲಿ ನೆಲದ ಮೇಲೆ ಮಲಗುತ್ತೇವೆ ಎಂದು ನೀನು ಬರೆದಿದ್ದೆ, ಉಣ್ಣೆಯ ಅಂಗಿ ಬಿಚ್ಚಬೇಡ. ಸರಿ, ಕೇಳಬೇಕಾದದ್ದನ್ನು ಕೇಳಿದ್ದಾಯಿತು. ಇನ್ನು ನೀನು ಕೂತುಕೊಂಡು ಓದು. ಮಗ ಎಜ್ರಾ ಕ್ಷೇಮವಾಗಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಎರಡು ದಿನ ಆಸ್ಪತ್ರೆಯಲ್ಲಿದ್ದ, ಮತ್ತು ನನಗೆ ಬಂದಿರುವ ಸಿಟ್ಟು ಇನ್ನೂ ಇಳಿದಿಲ್ಲ.

ವಿಶ್ವವಿದ್ಯಾಲಯದ ಹೆಂಗಸರು ಬರುತ್ತಾರೆಂದು ಗೊತ್ತಿತ್ತಲ್ಲ, ಹೋದ ಮಂಗಳವಾರ ಬಂದರು. ಹಸು ಸಾಕುವ ನಮ್ಮಂಥವರ ಮಕ್ಕಳಿಗೆ ಉಬ್ಬಸ ಯಾಕೆ ಕಡಿಮೆ ಎಂದು ನೋಡಲು ಅವರಿಗೆ ನಮ್ಮ ಮನೆಯ ಧೂಳು ಬೇಕಿತ್ತು. ನಿಮ್ಮಮ್ಮ ಏನು ಮಾಡಿದರು ಗೊತ್ತೇ? ಹೊರಗಿನವರು ಬರುತ್ತಾರೆಂದ ಕೂಡಲೇ, ಭಾನುವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ ಇದೆಯೇನೋ ಎಂಬಂತೆ ಮೂರು ದಿನ ಗೋಡೆ, ಕಿಟಕಿ, ಮಂಚದ ಅಡಿ ಎಲ್ಲ ತಿಕ್ಕಿ ತೊಳೆದರು. ನನ್ನ ಬೆರಳುಗಳ ಸಿಪ್ಪೆಯೂ ಎದ್ದಿತು. ಬಂದ ಡಾಕ್ಟರಮ್ಮ ಧೂಳು ಹೀರುವ ಪುಟ್ಟ ಯಂತ್ರ ಹಿಡಿದು ಮನೆಯೆಲ್ಲ ಸುತ್ತಿ, ಕೊನೆಗೆ ಸೊಂಟದ ಮೇಲೆ ಕೈಯಿಟ್ಟು, "ಅಯ್ಯೋ ತಾಯಿ, ನಾವು ಬಂದಿದ್ದೇ ಧೂಳಿಗೆ! ಒಂದು ಚಿಟಿಕೆನಾದ್ರೂ ಬಿಡಬಾರ್ದಿತ್ತಾ?" ಎಂದರು. ಅತ್ತೆಯ ಮುಖ ನೋಡಬೇಕಿತ್ತು. ಅಲ್ಲಿಯವರೆಗೆ ನನಗೂ ನಗು ಬಂದಿತ್ತು.

ಆಮೇಲೆ ಆಪಲ್ ಪೈ ತಿನ್ನುತ್ತ ಆಕೆ ತಿಳಿಸಿ ಹೇಳಿದರು. ಉಸಿರಿನ ದಾರಿಯ ಒಳಗೋಡೆಯಲ್ಲಿ ಹುಟ್ಟಿನಿಂದಲೇ ಕಾವಲು ಜೀವಕೋಶಗಳು ಇರುತ್ತವಂತೆ. ಹೊರಗಿನದು ಏನೇ ಬಂದರೂ ಮೊದಲು ತಡೆಯುವವು ಅವೇ. ಗಾಯವಾದಲ್ಲಿ ಸತ್ತದ್ದನ್ನು ಗುಡಿಸಿ ಮತ್ತೆ ಕೂಡಿಸಲು ನೆರವಾಗುವವೂ ಅವೇ, ಹೊಟ್ಟೆಯೊಳಗಿನ ಮಗುವಿನ ಅಂಗಾಂಗ ಬೆಳೆಯುವಾಗ ಕೈಹಚ್ಚುವವೂ ಅವೇ. ಕೊಟ್ಟಿಗೆಯ ಧೂಳಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳನ್ನು ಎಳವೆಯಿಂದಲೇ ಕಂಡು ಪಳಗಿದರೆ ಅವು ಹುಲ್ಲಿನ ಕಣಕ್ಕೆಲ್ಲ ರೇಗುವುದಿಲ್ಲ. ಪಳಗದೆ ಉಳಿದವು ಇಲ್ಲದ ಶತ್ರುವಿನ ಮೇಲೆ ರೇಗಿದಾಗ ಉಸಿರಿನ ದಾರಿಯೇ ಊದಿಕೊಂಡು ಕಟ್ಟಿಹೋಗುತ್ತದೆ. ತಾಯಿ ಬಸುರಿಯಾಗಿದ್ದಾಗ ಕೊಟ್ಟಿಗೆಯಲ್ಲಿ ಓಡಾಡಿದರೂ ಮಗುವಿಗೆ ಒಳ್ಳೆಯದಾಗಬಹುದು, ಇನ್ನೂ ಹುಡುಕುತ್ತಿದ್ದೇವೆ ಎಂದರು. ನಾನು ಎಜ್ರಾನ ಉಬ್ಬಸಕ್ಕೆ ಕಾರಣ ಲೆಕ್ಕ ಹಾಕಿದೆ. ಅವನು ಹೊಟ್ಟೆಯಲ್ಲಿದ್ದಾಗ ನಾವು ನೀನು ಕೆಲಸಕ್ಕಿದ್ದ ಟ್ರೈಲರ್ ಕಾರ್ಖಾನೆಯ ಪಕ್ಕದ ಬಾಡಿಗೆ ಮನೆಯಲ್ಲಿದ್ದೆವಲ್ಲ, ಮೂರು ವರ್ಷ ತುಂಬುವವರೆಗೆ ಅವನು ಹಸುವನ್ನು ಹತ್ತಿರದಿಂದ ಕಂಡದ್ದೇ ಇಲ್ಲ.

ಆಮೇಲೆ ಆಕೆ ಕಾಗದ ತೆಗೆದು, ಈ ಮನೆಯಲ್ಲಿ ಯಾರಿಗಾದರೂ ಉಬ್ಬಸ ಇದೆಯೇ ಎಂದು ಕೇಳಿದರು. ಮಾವ ಗಡ್ಡ ನೀವಿಕೊಂಡು, "ನಮ್ ಮನೆ ಮಕ್ಕಳಿಗಾ? ಕೊಟ್ಟಿಗೇಲಿ ಬೆಳೆದ ಮುಂಡೇವು, ಕಲ್ಲುಗುಂಡು ಇದ್ದಂಗವೆ!" ಎಂದುಬಿಟ್ಟರು. ಎಜ್ರಾನನ್ನು ಬೆಳಗ್ಗೆಯೇ ನಿನ್ನ ತಂಗಿಯ ಮನೆಗೆ ಸಾಗಹಾಕಿದ್ದು ಯಾಕೆಂದು ಆಗ ಹೊಳೆಯಿತು. ಹೊಗಳಿಕೆ ಬೇಡವೆಂದು ಮಂಡಿಯೂರಿ ಪ್ರಾರ್ಥಿಸುವ ಜನ ನಾವು. ಹೊರಗಿನವರು ನಮ್ಮ ಮಕ್ಕಳ ಉಸಿರನ್ನು ಹೊಗಳಿದ್ದೇ ತಡ, ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನಾನು ತಟ್ಟೆ ಹಿಡಿದು ಸುಮ್ಮನೆ ನಿಂತಿದ್ದೆ. ಹೊರಡುವಾಗ ನೀನು ಹೇಳಿದ್ದು ಅದೇ ತಾನೇ? "ಅಪ್ಪಂಗೆ ಎದುರು ಮಾತಾಡ್ಬೇಡ ಕಣೇ, ನಾನ್ ಬರೋವರ್ಗೂ ಸುಧಾರಿಸ್ಕೊ." ಸುಧಾರಿಸಿಕೊಂಡೆ. ಆ ಪಾಪ ನನ್ನದೂ ಹೌದು, ನಿನ್ನದೂ ಹೌದು.

ಮರುದಿನ ಮಾವ, "ಧೂಳೇ ಔಷಧಿ ಅಂತ ಆಯಮ್ಮನೇ ಅಂದ್ಲಲ್ಲ, ಬಾರೋ ಮಗ" ಎಂದು ಎಜ್ರಾನನ್ನು ಕೊಟ್ಟಿಗೆಯ ಅಟ್ಟಕ್ಕೆ ಹತ್ತಿಸಿ, ಅವನ ಮುಂದೆಯೇ ಒಣಹುಲ್ಲು ಕೊಡವಿದ್ದಾರೆ. ಕಾಲು ಗಂಟೆಯಲ್ಲಿ ಹೆಗಲ ಮೇಲೆ ಹೊತ್ತು ತಂದರು. ಮಗುವಿನ ತುಟಿ ನೀಲಿಯಾಗಿತ್ತು, ಪಕ್ಕೆಲುಬಿನ ಸಂದು ಒಳಕ್ಕೆ ಸೆಳೆಯುತ್ತಿತ್ತು. ಯಾವಾಗಲೂ ಇಡುವ ಕಿಟಕಿಕಟ್ಟೆಗೆ ಕೈಹಾಕಿದರೆ ಅವನ ಇನ್‌ಹೇಲರ್ ಇಲ್ಲ! ಬಂದವರ ಕಣ್ಣಿಗೆ ಬೀಳಬಾರದೆಂದು ಅತ್ತೆ ಅದನ್ನು ಕೌದಿಯ ಪೆಟ್ಟಿಗೆಯ ತಳದಲ್ಲಿ ಹುದುಗಿಸಿದ್ದರು, ವಾಪಸ್ ಇಡಲು ಮರೆತಿದ್ದರು. ಕೌದಿಗಳನ್ನೆಲ್ಲ ಎಳೆದೆಸೆದು ಹುಡುಕಿ ಅವನ ಬಾಯಿಗಿಡುವಷ್ಟರಲ್ಲಿ ಅವನ ಕಣ್ಣು ಮೇಲಾಗಿತ್ತು. ಮನೆಯೊಳಗೆ ಫೋನ್ ಇಡದ ಪಂಥ ನಮ್ಮದು, ಬರಿಗಾಲಲ್ಲಿ ರಸ್ತೆಬದಿಯ ಫೋನ್ ಗೂಡಿಗೆ ಓಡಿದೆ. ಆಂಬುಲೆನ್ಸ್ ಬಂದಾಗ ಮಾವ ಟೋಪಿ ಕೈಯಲ್ಲಿ ಹಿಡಿದು ಗೇಟಿನ ಹತ್ತಿರ ನಿಂತಿದ್ದರು.

ಆಸ್ಪತ್ರೆಯಿಂದ ಬಂದ ಮೇಲೆ ಅದೇ ಗೂಡಿನಿಂದ ಡಾಕ್ಟರಮ್ಮನಿಗೆ ಫೋನ್ ಮಾಡಿ, ನಿಮ್ಮ ಕಾಗದದಲ್ಲಿ ಸುಳ್ಳಿದೆ ಎಂದೆ. ಆಕೆ ಬೈಯಲಿಲ್ಲ. ಈಗಾಗಲೇ ಉಬ್ಬಸವಿರುವ ಮಗುವಿಗೆ ಆ ಧೂಳು ಔಷಧಿಯಲ್ಲ, ಅಪಾಯ, ನಾನೇ ಬಿಡಿಸಿ ಹೇಳಬೇಕಿತ್ತು ಎಂದು ನೊಂದುಕೊಂಡರು. ಕೊಟ್ಟಿಗೆಯಿರುವ ಮನೆಯ ಮಗುವಿಗೂ ಉಬ್ಬಸ ಯಾಕೆ ಬಂತೆಂಬುದೇ ಅವರಿಗೆ ತಿಳಿಯಬೇಕಾದದ್ದಂತೆ. ಮುಚ್ಚಿಟ್ಟದ್ದು ಅದನ್ನೇ! ಮನೆಗೆ ಬಂದರೆ ಮಾವ, "ಹೊರಗಿನೋರ ಮುಂದೆ ಮನೆ ಮಾನ ಕಳೆದ್ಯಲ್ಲಮ್ಮ" ಎಂದರು. "ಅವತ್ತು ಉಸಿರು ಕಟ್ಟಿದ್ದು ಮಾನಕ್ಕಲ್ಲ ಮಾವ, ನನ್ನ ಮಗೂಗೆ" ಎಂದೆ. ಮದುವೆಯಾದ ಏಳು ವರ್ಷದಲ್ಲಿ ಮೊದಲ ಸಲ ಎದುರು ಮಾತಾಡಿದೆ. ಅತ್ತೆ ಅಳುತ್ತ ಕೋಳಿ ನೂಡಲ್ಸ್ ಮಾಡಿ ಮಗುವಿಗೆ ಉಣಿಸಿದರು. ಅವರ ಮೇಲೆ ಸಿಟ್ಟು ಅರ್ಧ ಇಳಿದಿದೆ. ನಿನ್ನ ಮೇಲೆ ಇಳಿದಿಲ್ಲ.

ಅಲ್ಲಿರುವ ನಮ್ಮವರಿಗೆಲ್ಲ ನನ್ನ ನಮಸ್ಕಾರ ತಿಳಿಸು. ಏಣಿ ಹತ್ತುವಾಗ ದೇವರು ನಿನ್ನ ಕಾಲು ಜಾರದಂತೆ ನೋಡಿಕೊಳ್ಳಲಿ.

ನಿನ್ನ,
ಸವಿಲ್ಲಾ

ಮರೆತಿದ್ದೆ: ಅಂಚೆಯವನ ಗಾಡಿ ಕಾಣುತ್ತಿದೆ, ಬೇಗ ಬರೆಯುತ್ತೇನೆ. ನನಗೆ ಮೂರು ತಿಂಗಳು. ಇಲ್ಲಿ ಯಾರಿಗೂ ಹೇಳಿಲ್ಲ. ದಿನವೂ ಬೆಳಗ್ಗೆ ನಾನೇ ಹಾಲು ಕರೆಯುತ್ತಿದ್ದೇನೆ, ಯಾರು ಬೇಡವೆಂದರೂ ಬಿಡುವುದಿಲ್ಲ. ಆದರೂ ಈ ಮಗುವಿಗೂ ಉಬ್ಬಸ ಬಂದರೆ ಬರಲಿ, ಕೇಳಿದವರಿಗೆಲ್ಲ ಬಂದಿದೆ ಎಂದೇ ಹೇಳುತ್ತೇನೆ. ನೀನೂ ನಿಮ್ಮಪ್ಪನ ಎದುರು ಹಾಗೆಯೇ ಹೇಳುತ್ತೇನೆಂದು ನಿನ್ನ ಕೈಯಾರೆ ಬರೆದು ಕಳಿಸು. ಆಮೇಲೆ ಮನೆಗೆ ಬಾ.